ತೋಟ ಎಲ್ಲಿದೆ ಅನ್ನೋದಕ್ಕೆ ಎಷ್ಟು ದುಡ್ಡು ಕೊಡಬಹುದು?

ನನಗೆ ಸ್ವಂತ ತೋಟ ಇಲ್ಲ. ಬೆಳೆಗಾರರಿಂದ ದ್ರಾಕ್ಷಿ ಕೊಂಡು ವೈನ್ ಮಾಡುತ್ತೇನೆ. ಒಂದೇ ತಳಿ, ಒಂದೇ ಗುಡ್ಡ. ಆದರೂ ಇಳಿಜಾರಿನ ಹಣ್ಣಿಗೆ ತಗ್ಗಿನ ಹಣ್ಣಿನ ದುಪ್ಪಟ್ಟು ಕೇಳುತ್ತಿದ್ದರು. ಕೊಡಬೇಕಾ ಬೇಡವಾ ಅಂತ ನಾನೇ ನೋಡಿಬಿಡೋಣ ಅಂದುಕೊಂಡೆ.

ಕಟಾವಿಗೆ ಮುಂಚೆ ಎರಡೂ ಕಡೆ ಸಾಲುಗಳಲ್ಲಿ ಓಡಾಡಿದೆ. ಬಿಸಿಲಿನ ಕಡೆಯದು, ನೆರಳಿನ ಕಡೆಯದು ಎರಡನ್ನೂ ಕಿತ್ತು ರಸದ ಸಕ್ಕರೆ ಅಳೆಯುವ ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ರಸ ಹಿಂಡಿದೆ. ಇಳಿಜಾರಿನದು 24 ಬ್ರಿಕ್ಸ್ (ಸಕ್ಕರೆಯ ಅಳತೆ) ಮುಟ್ಟಿದಾಗ ತಗ್ಗಿನದು 22 ದಾಟಿರಲಿಲ್ಲ. ತಗ್ಗಿನದರ ಬೀಜ ಕಡಿದು ನೋಡಿದರೆ ಇನ್ನೂ ಹಸಿರು, ಒಗರು. ಮೇಲೆ ಮಣ್ಣು ತೆಳು, ಕಲ್ಲು ಜಾಸ್ತಿ, ನೀರು ನಿಲ್ಲುವುದಿಲ್ಲ. ಕೆಳಗೆ ಬಳ್ಳಿಗೆ ಎಲೆ ಬಿಡೋದೇ ಕೆಲಸ. ರಾತ್ರಿ ತಣ್ಣನೆ ಗಾಳಿ ಜಾರಿ ಬಂದು ತಗ್ಗಿನಲ್ಲೇ ಕೂರುತ್ತದೆ. ಚಿಗುರೊಡೆಯುವಾಗ ಹಿಮ ಬಿದ್ದರೆ ಮೊದಲು ಕರಟುವುದು ಅಲ್ಲಿನ ಬಳ್ಳಿ. ಹಾಗಾಗಿ ಜಾಗಕ್ಕೆ ಕೊಡುವ ದುಡ್ಡಿನಲ್ಲಿ ರುಚಿಯದೊಂದು ಪಾಲು, ಬೆಳೆ ಕೈಗೆ ಸಿಗುವ ಭರವಸೆಯದೊಂದು ಪಾಲು. ಎರಡನೆಯದರ ಬಗ್ಗೆ ಮಾತಾಡುವವರು ಕಡಿಮೆ.

ಎರಡನ್ನೂ ಬೇರೆ ಬೇರೆ ಹುದುಗಿಸಿದೆ. ಅದೇ ಯೀಸ್ಟ್, ಅದೇ ಹಳೇ ಬ್ಯಾರೆಲ್. ಆಮೇಲೆ ಲೇಬಲ್ ಇಲ್ಲದೆ ಗಿರಾಕಿಗಳಿಗೆ ಕೊಟ್ಟು, ಎಷ್ಟು ಕೊಡ್ತೀರಿ ಅಂತ ಬರೆಸಿದೆ. ಇಳಿಜಾರಿನದಕ್ಕೆ ಸುಮಾರು ಕಾಲು ಭಾಗ ಜಾಸ್ತಿ ಬರೆದರು, ಅಷ್ಟೇ. ಕ್ಯಾಲಿಫೋರ್ನಿಯಾದವರ ಹಳೇ ಲೆಕ್ಕದಲ್ಲಿ ಒಂದು ಟನ್ ಹಣ್ಣಿನ ಬೆಲೆಯ ನೂರನೇ ಒಂದು ಪಾಲು ಬಾಟಲಿ ಬೆಲೆ. ಹಣ್ಣು ದುಪ್ಪಟ್ಟಾದರೆ ಬಾಟಲಿಯೂ ದುಪ್ಪಟ್ಟಾಗಬೇಕು, ಅಲ್ವಾ? ತೋಟದ ಹೆಸರು ಹೇಳಿ ಮತ್ತೆ ಬರೆಸಿದಾಗ ಅದೇ ಗಿರಾಕಿಗಳು ಹತ್ತಿರ ಹತ್ತಿರ ದುಪ್ಪಟ್ಟಿಗೇ ಬಂದರು!

ಇದು ನನ್ನ ಗಿರಾಕಿಗಳ ಚಪಲ ಮಾತ್ರ ಅಲ್ಲ. ಅಮೆರಿಕದ ಒರೆಗಾನ್‌ನ ವಿಲಾಮೆಟ್ ಕಣಿವೆಯಲ್ಲಿ ತೋಟಗಳ ಮಾರಾಟ ಬೆಲೆ ಹಿಡಿದು ಮೂವರು ಅರ್ಥಶಾಸ್ತ್ರಜ್ಞರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೆಲೆ ಏರಿಸಿದ್ದು ಪ್ರದೇಶದ ಅಧಿಕೃತ ಹೆಸರು. ಇಳಿಜಾರು, ಎತ್ತರ, ಮಣ್ಣಿನ ಪ್ರಭಾವ ಬೆಲೆಯಲ್ಲಿ ಅಷ್ಟಾಗಿ ಕಾಣಲಿಲ್ಲ. ಫ್ರಾನ್ಸಿನ ಬೋರ್ಡೋ ಇನ್ನೂ ತಮಾಷೆ. ಅಲ್ಲಿ 1855ರ ದರ್ಜೆ ಸಿಕ್ಕಿದ್ದು ನೆಲಕ್ಕಲ್ಲ, ಎಸ್ಟೇಟಿಗೆ. ಅದೂ ಆಗಿನ ಮಾರುಕಟ್ಟೆ ಬೆಲೆ ನೋಡಿ. ಅದೇ ದೇಶದ ಬರ್ಗಂಡಿಯಲ್ಲಿ ದರ್ಜೆ ನೆಲದ್ದೇ.

ನಾನು ಕೊನೆಗೆ ಗುಡ್ಡದ ಇನ್ನೊಂದು ಮಗ್ಗುಲಿಗೆ ಹೋದೆ. ಅದೇ ಕಲ್ಲು ಮಣ್ಣು, ಅದೇ ಬಿಸಿಲು. ಹೆಸರಿನ ಗಡಿ ಮಾತ್ರ ಸ್ವಲ್ಪ ಈಚೆಗೇ ಮುಗಿಯುತ್ತದೆ. ತಗ್ಗಿನ ಹಣ್ಣಿಗಿಂತ ಸ್ವಲ್ಪ ಜಾಸ್ತಿ ಕೊಟ್ಟೆ. ಟನ್ ಲೆಕ್ಕ ಬಿಟ್ಟು ಎಕರೆ ಲೆಕ್ಕದಲ್ಲಿ ಒಪ್ಪಂದ ಮಾಡಿಕೊಂಡೆ. ಹಣ್ಣು ಎಷ್ಟೇ ಬಂದರೂ ದುಡ್ಡು ಅಷ್ಟೇ, ಹಾಗಾಗಿ ಈಗ ಗೊಂಚಲು ಕಡಿಮೆ ಮಾಡಿ ಅಂದರೆ ಬೆಳೆಗಾರರಿಗೂ ಬೇಜಾರಿಲ್ಲ.