ಹೋಂಸ್ಟೇ ಸಾಮಾನು ಅತಿಥಿಗಳ ಬ್ಯಾಗು ಸೇರಿದರೆ ಏನು ಮಾಡಬೇಕು?

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಹೋಂಸ್ಟೇ ನಡೆಸುವವರಿಗೆ, ವಾರಾಂತ್ಯದ ಅತಿಥಿಗಳು ಹೊರಟ ಮೇಲೆ ಟವೆಲ್ ಒಂದು ಕಡಿಮೆಯಾಗಿರುವುದು, ಕಾಫಿಪುಡಿ ಡಬ್ಬಿ ಬರಿದಾಗಿರುವುದು, ಕರೆಂಟ್ ಹೋದಾಗ ಬೇಕಾಗುತ್ತದೆಂದು ಇಟ್ಟ ಟಾರ್ಚ್ ಕಾಣದಿರುವುದು ಹೊಸದೇನಲ್ಲ. ಪೇಟೆಯಿಂದ ದೂರವಿರುವ ತೋಟದ ಮನೆಗೆ ಅದೇ ಮಧ್ಯಾಹ್ನ ಮತ್ತೊಂದು ಕುಟುಂಬ ಬರುವುದಿದ್ದರೆ, ಆ ವಸ್ತುವಿನ ಬೆಲೆಗಿಂತ ಅದು ತರುವ ಪರದಾಟವೇ ಹೆಚ್ಚು.

ಮೊದಲು ಬಳಸಿ ಮುಗಿಸುವ ವಸ್ತುಗಳನ್ನೂ ಕೋಣೆಯಲ್ಲೇ ಉಳಿಯಬೇಕಾದವನ್ನೂ ಬೇರ್ಪಡಿಸಿ. ಸಣ್ಣ ಸೋಪು, ಶಾಂಪೂ ಪ್ಯಾಕೆಟ್ ಒಯ್ಯುವುದು ಹೋಟೆಲುಗಳಲ್ಲಿ ರೂಢಿಯಾಗಿರುವುದರಿಂದ ಅದನ್ನು ಕಳವೆಂದು ಎಣಿಸುವುದು ನ್ಯಾಯವಲ್ಲ. ಉಳಿಯಬೇಕಾದ ವಸ್ತುಗಳ ಪಟ್ಟಿಯನ್ನು, ಕಳೆದುಹೋದರೆ ಕೊಡಬೇಕಾದ ಮೊತ್ತದೊಂದಿಗೆ, ಬುಕಿಂಗ್ ಆಗುವ ಮೊದಲೇ ಓದಲು ಸಿಗುವಂತೆ ಮನೆಯ ನಿಯಮಗಳಲ್ಲಿ ಸೇರಿಸಿ.

ಹೆಚ್ಚು ಗಮನ ಬೇಡುವುದು ಅಡುಗೆಮನೆ. ಅರ್ಧ ಕೆ.ಜಿ. ಕಾಫಿಪುಡಿಯನ್ನು ಒಂದೇ ಡಬ್ಬಿಯಲ್ಲಿ ತುಂಬಿಡುವ ಬದಲು ಜನ ಮತ್ತು ದಿನದ ಲೆಕ್ಕಕ್ಕೆ ಸರಿಯಾಗಿ ಸಣ್ಣ ಡಬ್ಬಿಗಳಲ್ಲಿ ಇಡಿ. ಉಳಿದದ್ದನ್ನು ಬೀಗವಿರುವ ಕಪಾಟಿನಲ್ಲಿಡಿ. ಪಕ್ಕದಲ್ಲೇ ನಿಮ್ಮ ತೋಟದ ಕಾಫಿಪುಡಿ, ಕಾಳುಮೆಣಸು, ಏಲಕ್ಕಿಯ ಪೊಟ್ಟಣಗಳಿಗೆ ಬೆಲೆಚೀಟಿ ಅಂಟಿಸಿಟ್ಟರೆ, ರುಚಿ ಹಿಡಿಸಿತೆಂದು ಒಯ್ಯಬಯಸುವವರಿಗೆ ಮರ್ಯಾದೆಯ ದಾರಿಯೊಂದು ತೆರೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ಬೀಗಕ್ಕಿಂತ ಬೆಲೆಚೀಟಿಯೇ ಹೆಚ್ಚು ಕೆಲಸ ಮಾಡುತ್ತದೆ.

ಟವೆಲ್, ಬೆಡ್‌ಶೀಟುಗಳ ಮೂಲೆಯಲ್ಲಿ ಬಣ್ಣದ ದಾರದಿಂದ ಕೋಣೆಯ ಸಂಖ್ಯೆಯನ್ನು ಹೊಲಿಸಿ. ಪ್ರತಿ ತಂಡ ಬರುವ ಮುನ್ನ ಕೋಣೆಯ ಫೋಟೊ ತೆಗೆದು, ಅತಿಥಿಗಳ ಕಾರು ಹೊರಡುವ ಮೊದಲೇ ಎಣಿಕೆ ಮುಗಿಸಿ. ಏನಾದರೂ ಕಡಿಮೆಯಿದ್ದರೆ, “ನಿಮ್ಮ ಬಟ್ಟೆಯ ಜೊತೆ ನಮ್ಮದೊಂದು ಟವೆಲ್ ಸೇರಿಕೊಂಡಿದೆಯೇನೋ, ದಯವಿಟ್ಟು ನೋಡುತ್ತೀರಾ?” ಎಂದು ಉಳಿದವರ ಮುಂದಲ್ಲದೆ, ಬುಕಿಂಗ್ ಮಾಡಿದವರನ್ನು ಬದಿಗೆ ಕರೆದು ಕೇಳಿ. ನಿಜವಾಗಿಯೂ ಮರೆತು ಸೇರಿಸಿಕೊಂಡವರು ಬಹಳ ಮಂದಿ ಇರುತ್ತಾರೆ. ಬ್ಯಾಗಿಗೆ ಮಾತ್ರ ಕೈಹಾಕಬೇಡಿ.

ಅವರು ಹೊರಟ ಮೇಲೆ ತಿಳಿದರೆ ಬುಕಿಂಗ್ ಆ್ಯಪ್‌ನಲ್ಲಿಯೇ ಸಂದೇಶ ಕಳುಹಿಸಿ, ಏಕೆಂದರೆ ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ. ಏರ್‌ಬಿಎನ್‌ಬಿ ಮೂಲಕ ಬಂದ ಅತಿಥಿಗಳಾದರೆ, ಅವರು ಹೊರಟ 14 ದಿನಗಳೊಳಗೆ ಫೋಟೊ ಮತ್ತು ಖರೀದಿ ರಸೀದಿಯೊಂದಿಗೆ ಪರಿಹಾರ ಕೇಳಬೇಕು. ಅವರು 24 ಗಂಟೆಗಳಲ್ಲಿ ಹಣ ಕೊಡದಿದ್ದರೆ ಕಂಪನಿಯ ನೆರವು ಕೋರಬಹುದು. ವಿಮರ್ಶೆ ಬರೆಯಲೂ ಇರುವ ಗಡುವು 14 ದಿನಗಳೇ. ಅದರಲ್ಲಿ ‘ಕಳ್ಳರು’ ಎಂದು ಬರೆಯದೆ, ಯಾವ ವಸ್ತು ಕಾಣೆಯಾಯಿತು, ಕೇಳಿದಾಗ ಏನಾಯಿತು ಎಂಬುದನ್ನಷ್ಟೇ ಬರೆಯಿರಿ.

ಪೊಲೀಸರ ಬಳಿಗೆ ಹೋಗುವ ಮುನ್ನ ಒಂದು ವಿಷಯ ತಿಳಿದಿರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಪ್ರಕಾರ, ಕಳವಾದ ವಸ್ತುವಿನ ಮೌಲ್ಯ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿ ತಪ್ಪಿತಸ್ಥರಾದವರು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಸಮುದಾಯ ಸೇವೆಯೇ ಶಿಕ್ಷೆ. ಆದ್ದರಿಂದ ಟವೆಲಿಗಾಗಿ ಠಾಣೆಯ ಮೆಟ್ಟಿಲು ಹತ್ತುವುದಕ್ಕಿಂತ, ಟಿ.ವಿ., ಇನ್ವರ್ಟರ್ ಬ್ಯಾಟರಿಯಂಥ ದುಬಾರಿ ವಸ್ತು ಹೋದಾಗ ತಡಮಾಡದೆ ದೂರು ಕೊಡುವುದು ಸರಿ.

ಕಳವು ತಡೆಯಲೆಂದು ಮನೆಯೊಳಗೆ ಕ್ಯಾಮೆರಾ ಇಡುವ ಯೋಚನೆ ಖಂಡಿತ ಬೇಡ. ಏರ್‌ಬಿಎನ್‌ಬಿ 2024ರ ಏಪ್ರಿಲ್ 30ರಿಂದ ಅದನ್ನು ಪೂರ್ತಿಯಾಗಿ ನಿಷೇಧಿಸಿದೆ. ಗೇಟಿನ ಬಳಿ ಹಾಕುವ ಕ್ಯಾಮೆರಾದ ವಿಷಯವನ್ನೂ ಅತಿಥಿಗಳಿಗೆ ಮೊದಲೇ ತಿಳಿಸಿರಬೇಕು.