ಜೀನ್ ಪ್ಲೇಡಿಯ ರಾಣಿಯರಿಗೆ ನಾನು ವರಸೆ ಬರೆದದ್ದು

ಇಂಗ್ಲೆಂಡಿನ ರಾಜರಾಣಿಯರ ಬಗ್ಗೆ ಕಾದಂಬರಿ ಬರೆದ ಜೀನ್ ಪ್ಲೇಡಿಯನ್ನು ಮೊದಲ ಸಲ ಓದಲು ಹೊರಟಾಗ ಎಂಬತ್ತು ಪುಟಕ್ಕೇ ಕೈಬಿಟ್ಟೆ. ಕಥೆ ಚೆನ್ನಾಗಿತ್ತು, ತೊಡಕಾಗಿದ್ದು ಹೆಸರುಗಳು. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಗೆ ಆರು ಜನ ಹೆಂಡತಿಯರು. ಮೂವರು ಕ್ಯಾಥರೀನ್, ಇಬ್ಬರು ಆನ್. ಸಾಲದ್ದಕ್ಕೆ ಎಲ್ಲರೂ ಎಲ್ಲರಿಗೂ ‘ಕಸಿನ್’. ಯಾರ ಕಡೆಯಿಂದ ಕಸಿನ್ ಅಂತ ತಿಳಿಯದಿದ್ದರೆ ನಮಗೆ ಸಂಬಂಧ ಮನಸ್ಸಿಗೆ ಹತ್ತೋದಿಲ್ಲ, ಅಲ್ವಾ?

ಎರಡನೇ ಸಲ ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡೆ. ಪ್ರತಿ ಹೆಸರಿನ ಮುಂದೆ ಸಂಬಂಧವನ್ನು ಮನೆಯಲ್ಲಿ ಹೇಳುವ ಹಾಗೇ ಬರೆದೆ.

ಆರಗಾನ್‌ನ ಕ್ಯಾಥರೀನ್ 1501ರಲ್ಲಿ ಮದುವೆಯಾಗಿದ್ದು ಹೆನ್ರಿಯ ಅಣ್ಣ ಆರ್ಥರನ್ನು. ಐದೇ ತಿಂಗಳಲ್ಲಿ ಅವನು ತೀರಿಕೊಂಡ. 1509ರಲ್ಲಿ ಹೆನ್ರಿಯ ಜೊತೆ ಮದುವೆ. ನೋಟ್‌ಬುಕ್ಕಿನಲ್ಲಿ ‘ಅತ್ತಿಗೆ, ಮೈದುನ’ ಅಂತ ಬರೆದೆ. ಸುಮಾರು ಹದಿನೆಂಟು ವರ್ಷ ಸಂಸಾರ ಮಾಡಿದ ಮೇಲೆ, ಅಣ್ಣನ ಹೆಂಡತಿಯನ್ನು ಮದುವೆಯಾಗಿದ್ದೇ ಪಾಪ ಅಂತ ಹೆನ್ರಿ ವಾದ ತೆಗೆದ. ಆ ಎರಡು ಪದ ಬರೆದುಕೊಂಡಿದ್ದರಿಂದ ಇಡೀ ಜಗಳ ಸಲೀಸಾಗಿ ಅರ್ಥವಾಯಿತು.

ಆಮೇಲೆ ಹೆನ್ರಿಯ ಎರಡನೇ ಹೆಂಡತಿ ಆನ್ ಬೊಲಿನ್. ಐದನೇ ಹೆಂಡತಿ ಕ್ಯಾಥರೀನ್ ಹೊವರ್ಡ್ ಅವಳ ಸೋದರಮಾವನ ಮಗಳು. ಇಬ್ಬರೂ ರಾಣಿಯರಾದರು, ಒಬ್ಬಳ ತಲೆ 1536ರಲ್ಲಿ, ಇನ್ನೊಬ್ಬಳದು 1542ರಲ್ಲಿ ಹೋಯಿತು. ಪ್ಲೇಡಿ ಇಬ್ಬರನ್ನೂ ಒಂದೇ ಕಾದಂಬರಿಯಲ್ಲಿ ತಂದಿದ್ದಾರೆ. ನಾರ್ಫೋಕ್‌ನ ಡ್ಯೂಕ್ ಆನ್‌ಗೆ ಸೋದರಮಾವ, ಕ್ಯಾಥರೀನ್‌ಗೆ ದೊಡ್ಡಪ್ಪ. ಆನ್‌ಳ ವಿಚಾರಣೆಯಲ್ಲಿ ಮರಣದಂಡನೆಯ ತೀರ್ಪು ಹೇಳಿದವನು ಇದೇ ಡ್ಯೂಕ್. ‘ಅಂಕಲ್’ ಅಂತ ಓದಿದಾಗ ನನಗೆ ಏನೂ ಅನ್ನಿಸಿರಲಿಲ್ಲ. ಸೋದರಮಾವ ಅಂತ ಬರೆದ ದಿನ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಓದುವ ಸರದಿಯಲ್ಲೂ ಒಂದು ತೊಡಕಿದೆ. ಪ್ಲೇಡಿ ಹೆನ್ರಿಯ ರಾಜಮನೆತನವಾದ ಟ್ಯೂಡರ್‌ಗಳ ಕಥೆಗಳನ್ನು ಕಾಲದ ಕ್ರಮದಲ್ಲಿ ಬರೆದಿಲ್ಲ. ಆನ್‌ಳ ಕಾದಂಬರಿ ಬಂದಿದ್ದು 1949ರಲ್ಲಿ. ಅವಳಿಗಿಂತ ಮುಂಚಿನ ರಾಣಿ, ಆರಗಾನ್‌ನ ಕ್ಯಾಥರೀನ್‌ಳ ಮೂರು ಕಾದಂಬರಿ ಬಂದಿದ್ದು 1961 ಮತ್ತು 1962ರಲ್ಲಿ. ಹೆನ್ರಿಯ ಅಪ್ಪನ ಕಥೆಗೆ 1982ರವರೆಗೆ ಕಾಯಬೇಕಾಯಿತು. ನಾನು ರಾಜರ ಕ್ರಮದಲ್ಲೇ ಓದಿದೆ. ಕ್ಯಾಥರೀನ್ ಜೊತೆ ಮೂರು ಪುಸ್ತಕ ಕಳೆದ ಮೇಲೆ ಆನ್‌ಳನ್ನು ಅಷ್ಟು ಸುಲಭವಾಗಿ ಮೆಚ್ಚಲು ಆಗೋದಿಲ್ಲ. ಆದರೂ ಕೊನೆಗೆ ಅವಳಿಗಾಗಿ ಮನಸ್ಸು ಕರಗುತ್ತದೆ. ಅದಕ್ಕೇ ಈ ಕ್ರಮ ಜಾಸ್ತಿ ಇಷ್ಟವಾಯಿತು.

ಅಂದಹಾಗೆ, ಪ್ಲೇಡಿ ಅನ್ನೋದು ಕಾರ್ನ್‌ವಾಲ್‌ನ ಒಂದು ಕಡಲತೀರದ ಹೆಸರು. ಬರೆದವರು ಲಂಡನ್ನಿನ ಎಲೀನರ್ ಹಿಬರ್ಟ್. 1960ರಿಂದ ವಿಕ್ಟೋರಿಯಾ ಹೋಲ್ಟ್, 1972ರಿಂದ ಫಿಲಿಪ್ಪಾ ಕಾರ್ ಹೆಸರಲ್ಲೂ ಬರೆದರು. 1993ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಸುಮಾರು ಇನ್ನೂರು ಪುಸ್ತಕ ಆಗಿತ್ತು. ನಿಜವಾದ ರಾಜರಾಣಿಯರು ಬೇಕಿದ್ದರೆ ಪ್ಲೇಡಿ ಹೆಸರನ್ನೇ ಹುಡುಕಿ. ಹೋಲ್ಟ್ ಹೆಸರಲ್ಲಿ ಇರೋದು ಹಳೆಯ ಬಂಗಲೆ, ಗುಟ್ಟು, ಪ್ರೇಮ. ಅವಕ್ಕೆ ನೋಟ್‌ಬುಕ್ ಬೇಡ.

ಈಗ ಸ್ಕಾಟ್ಲೆಂಡಿನ ರಾಣಿ ಮೇರಿಯ ಎರಡು ಕಾದಂಬರಿ ಹಿಡಿದಿದ್ದೇನೆ. ಮೇರಿ ಮತ್ತು ಇಂಗ್ಲೆಂಡಿನ ರಾಣಿಯಾದ ಹೆನ್ರಿ, ಆನ್‌ಳ ಮಗಳು ಎಲಿಜಬೆತ್ ಒಮ್ಮೆಯೂ ಮುಖ ನೋಡಿದವರಲ್ಲ. ಮೇರಿಯ ಅಪ್ಪ, ಎಲಿಜಬೆತ್‌ಗೆ ಸೋದರತ್ತೆಯ ಮಗ. 1587ರಲ್ಲಿ ಮೇರಿಯ ಮರಣದಂಡನೆಗೆ ಸಹಿ ಹಾಕಿದ್ದು ಎಲಿಜಬೆತ್. ನಿನ್ನೆ ರಾತ್ರಿ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ನೋಡಿದೆ. ನಮ್ಮ ವರಸೆಯಲ್ಲಿ ಮೇರಿ ಅವಳಿಗೆ ಮಗಳಾಗಬೇಕು.