ಪೆಟ್ರೋಲ್ ಹಾಕಿಸಿದ ಮೇಲೆ ಕಾರು ಸ್ಟಾರ್ಟ್ ಆಗಲ್ವಾ? ಪರ್ಜ್ ವಾಲ್ವ್ ನೋಡಿ

ಬಂಕಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿ ಕೀ ತಿರುಗಿಸಿದರೆ ಇಂಜಿನ್ ಕೆಮ್ಮುತ್ತದೆ, ಹಿಡಿಯುವುದಿಲ್ಲ. ನಾಲ್ಕು ಸಲ ತಿರುಗಿಸಿದ ಮೇಲೆ ಹೇಗೋ ಏಳುತ್ತದೆ. ಬೇರೆ ಹೊತ್ತಿನಲ್ಲಿ ಏನೂ ತಕರಾರಿಲ್ಲ. ಹೀಗಿದ್ದರೆ ಸುಮ್ನೆ ಬ್ಯಾಟರಿಯನ್ನು ಬೈಯಬೇಡಿ.

ಟ್ಯಾಂಕಿನ ಪೆಟ್ರೋಲ್ ಆವಿ ಗಾಳಿಗೆ ಸೇರದಂತೆ ಇದ್ದಿಲು ತುಂಬಿದ ಕ್ಯಾನಿಸ್ಟರ್ ಅದನ್ನು ಹೀರಿಟ್ಟುಕೊಳ್ಳುತ್ತದೆ. ಕಾರು ಓಡುವಾಗ ಪರ್ಜ್ ವಾಲ್ವ್ ತೆರೆದು ಆ ಆವಿಯನ್ನು ಇಂಜಿನ್‌ಗೆ ಬಿಡುತ್ತದೆ. ಕರೆಂಟ್ ಇಲ್ಲದಾಗ ಇದು ಮುಚ್ಚಿರಬೇಕು. ತೆರೆದೇ ಸಿಕ್ಕಿಕೊಂಡರೆ ಪೆಟ್ರೋಲ್ ತುಂಬುವಾಗ ಏಳುವ ಆವಿ ಇಂಜಿನ್‌ಗೆ ನುಗ್ಗುತ್ತದೆ; ಆವಿ ಅತಿಯಾಗಿ ಇಂಜಿನ್ ಹಿಡಿಯುವುದಿಲ್ಲ. ಡೀಸೆಲ್ ಕಾರಿನವರಿಗೆ ಈ ಗೋಳಿಲ್ಲ.

ಮೊದಲು ಪರೀಕ್ಷೆ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿ. ಕ್ಯಾನಿಸ್ಟರ್ ಕಡೆಯಿಂದ ಬರುವ ಪೈಪನ್ನು ವಾಲ್ವಿನಿಂದ ಕಳಚಿ, ವಾಲ್ವಿನ ಬಾಯಿಗೆ ಬೆರಳಿಡಿ. ಬೆರಳನ್ನು ಎಳೆದುಕೊಂಡರೆ ವಾಲ್ವ್ ಸೋರುತ್ತಿದೆ ಎಂದೇ ಅರ್ಥ. ವಾಲ್ವ್ ಸಾಮಾನ್ಯವಾಗಿ ಇಂಟೇಕ್ ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಹೋಗುವ ಕೊಳವೆಗಳ ಭಾಗ) ಪಕ್ಕದಲ್ಲಿರುತ್ತದೆ: ಎರಡು ಪೈಪು, ಒಂದು ವೈರ್ ಕನೆಕ್ಟರ್.

ಸೋರುತ್ತಿದ್ದರೆ ವಾಲ್ವ್ ಬದಲಿಸಬೇಕು. ಇಂಜಿನ್ ಆಫ್ ಮಾಡಿ, ಆರಲು ಬಿಡಿ. ಬೀಡಿ, ಸಿಗರೇಟು ದೂರ ಇರಲಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಕನೆಕ್ಟರಿನ ಲಾಕ್ ಒತ್ತಿ ಎಳೆಯಿರಿ. ವೈರ್ ಹಿಡಿದು ಜಗ್ಗಬೇಡಿ. ಪೈಪುಗಳ ಫೋಟೊ ತೆಗೆದುಕೊಂಡು ಕ್ಲಿಪ್ ಬಿಡಿಸಿ. ಹಳೇ ಪ್ಲಾಸ್ಟಿಕ್ ಬಿಸಿಲಿಗೆ ಬಿಸ್ಕತ್ತಿನಂತಾಗಿರುತ್ತದೆ. ಅವಸರಪಟ್ಟರೆ ಪೈಪಿನ ಖರ್ಚೂ ಸೇರಿಕೊಳ್ಳುತ್ತದೆ. ನಂತರ ಬೋಲ್ಟ್ ಬಿಚ್ಚಿದರೆ, ಕೆಲವು ಕಾರುಗಳಲ್ಲಿ ಬ್ರಾಕೆಟಿನಿಂದ ಜಾರಿಸಿದರೆ, ವಾಲ್ವ್ ಕೈಗೆ ಬರುತ್ತದೆ.

ಹೊಸದನ್ನು ಹಾಕುವ ಮುಂಚೆ ಹಳೆಯದನ್ನು ಬಿಳಿ ಹಾಳೆಯ ಮೇಲೆ ತಟ್ಟಿ ನೋಡಿ. ಈ ಹೆಜ್ಜೆಯನ್ನು ಜಾಸ್ತಿ ಜನ ಬಿಡುತ್ತಾರೆ. ಕರಿ ಕಾಳು ಉದುರಿದರೆ ಕ್ಯಾನಿಸ್ಟರಿನೊಳಗಿನ ಇದ್ದಿಲೇ ಕಿತ್ತು ಬರುತ್ತಿದೆ. ಕ್ಯಾನಿಸ್ಟರ್ ಬದಲಿಸದೆ ವಾಲ್ವ್ ಮಾತ್ರ ಹಾಕಿದರೆ ಹೊಸ ವಾಲ್ವೂ ಕೆಡುತ್ತದೆ. ಆಟೋ ಕಟ್ ಆದ ಮೇಲೂ ‘ರೌಂಡ್ ಫಿಗರ್ ಮಾಡಿ’ ಅಂತ ಬಂಕಿನಲ್ಲಿ ಹೇಳುತ್ತೇವಲ್ಲ, ಆಗ ದ್ರವ ಪೆಟ್ರೋಲೇ ಕ್ಯಾನಿಸ್ಟರಿಗೆ ಇಳಿದು ಇದ್ದಿಲನ್ನು ಹಾಳು ಮಾಡಬಹುದು.

ಹೊಸ ವಾಲ್ವ್ ನಿಮ್ಮ ಮಾಡೆಲ್ಲಿನ ಪಾರ್ಟ್ ನಂಬರಿನದೇ ಇರಲಿ. ಬಾಣದ ಗುರುತಿದ್ದರೆ ಅದು ಇಂಜಿನ್ ಕಡೆ ನೋಡಬೇಕು. ಪೈಪು, ಕನೆಕ್ಟರ್ ‘ಟಕ್’ ಎನ್ನುವವರೆಗೆ ಒತ್ತಿ, ಬ್ಯಾಟರಿ ಜೋಡಿಸಿ. ಚೆಕ್ ಇಂಜಿನ್ ದೀಪ ಉರಿಯುತ್ತಿದ್ದರೆ ಸ್ಕ್ಯಾನರಿನಿಂದ ಕೋಡ್ ಅಳಿಸಿ. ಪಿ0455 (ಆವಿ ಜೋರಾಗಿ ಸೋರುತ್ತಿದೆ ಎನ್ನುವ ಕೋಡ್) ಬಂದಿದ್ದರೆ ಪೆಟ್ರೋಲ್ ಮುಚ್ಚಳದ ರಬ್ಬರನ್ನೂ ನೋಡಿ. ಇನ್ನು ಉಳಿದ ಪರೀಕ್ಷೆ ಬಂಕಿನಲ್ಲೇ, ಮುಂದಿನ ಸಲ ಪೆಟ್ರೋಲ್ ಹಾಕಿಸಿದಾಗ.